ಒಂದು ಬಾಟಲಿ ಹೌದೆಂದಿತು, ಒಂದು ಅಲ್ಲವೆಂದಿತು

ಸಾವಿರದ ಒಂಬೈನೂರ ನಲವತ್ತೆಂಟರ ಸುಗ್ಗಿಯ ಕಾಲ. ಆಳಂದದ ನಮ್ಮ ಮನೆಯಲ್ಲಿ ಚೊಚ್ಚಲ ಬಸುರಿಯಾಗಿದ್ದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಮೈದುನನಿಗೆ ಜೇವರ್ಗಿಯಲ್ಲಿ ನೌಕರಿ. ಮಲೇರಿಯಾ ಬಂದು ಹೋದ ಮೇಲೆ ಅವಳ ಉಗುರುಗಳು ಸುಣ್ಣ ಬಳಿದಂತೆ ಬಿಳಿಚಿದ್ದವು. ಜಡೆ ಹಾಕಿಕೊಳ್ಳಲು ಕೈ ಎತ್ತಿದರೂ ಏದುಸಿರು. ಸಿಸ್ಟರುಗಳ ದವಾಖಾನೆಯ ಡಾಕ್ಟರಮ್ಮ ಅವಳ ಕೆಳರೆಪ್ಪೆ ಎಳೆದು ನೋಡಿ, "ಹೆರಿಗೆಗೆ ಮೊದಲು ಇವಳಿಗೆ ರಕ್ತ ಕೊಡಲೇಬೇಕು, ಇಲ್ಲದಿದ್ದರೆ ತಡೆಯಲಾರಳು" ಎಂದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ಕಾನ್ವೆಂಟಿನಲ್ಲಿ ಓದಿದವಳೆಂದು ದುಭಾಷಿಯ ಕೆಲಸ ನನಗೆ ಬಂತು.

ನೆಗೆಣ್ಣಿಯದು ಆರ್‌ಎಚ್ ನೆಗೆಟಿವ್ ರಕ್ತ. ಅವಳಿಗೆ ಪಾಸಿಟಿವ್ ರಕ್ತ ಕೊಟ್ಟರೆ ಅವಳಿಗೂ ಕೇಡು, ಮುಂದಿನ ಮಕ್ಕಳಿಗೂ ಕೇಡು. ಮುಂಬಯಿಯಿಂದ ಐಸಿನ ಫ್ಲಾಸ್ಕಿನಲ್ಲಿ ಬಂದ ಸೀರಮ್ಮಿನ ಎರಡು ಪುಟ್ಟ ಬಾಟಲಿಗಳು ದವಾಖಾನೆಯ ಮೇಜಿನ ಮೇಲಿದ್ದವು. ಗಾಜಿನ ಮೇಲೆ ಸೀರಮ್ಮಿನ ಹನಿಗೆ ರಕ್ತದ ಹನಿ ಬೆರೆಸಿ ಅಲುಗಿಸುವುದು; ಕಣಗಳು ಗುಂಪುಗೂಡಿದರೆ ಪಾಸಿಟಿವ್. ಮನೆಯ ಗಂಡಸರ ರಕ್ತವೆಲ್ಲ ಒಡೆದ ಹಾಲಿನಂತೆ ಗುಂಪುಗೂಡಿತು. ನನ್ನದು ಮಾತ್ರ ನುಣ್ಣಗೆ ಉಳಿಯಿತು.

"ನಮ್ಮ ಇಂಗ್ರೇಜಿ ಸೊಸಿ ಏನರೆ ಕೆಲಸಕ್ಕ ಬಂದಳಪಾ!" ಎಂದು ಅತ್ತೆ ಹಿಗ್ಗಿದರು. ನಾನೂ ಹಿಗ್ಗಿ ತೋಳಿನ ಬಳೆ ಸರಿಸಿಕೊಂಡು ಕುಳಿತೆ.

ಡಾಕ್ಟರಮ್ಮ ಖಾತ್ರಿಗೆಂದು ಎರಡನೆಯ ಬಾಟಲಿಯ ಹನಿಯನ್ನು ಕೊಳವೆಯಲ್ಲಿ ನನ್ನ ರಕ್ತದೊಂದಿಗೆ ಬೆರೆಸಿ ಬಿಸಿನೀರಿನಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಸಣ್ಣ ರವೆಯಂಥ ಕಾಳು ಕಂಡವು.

"ಹಂಗಾದ್ರ ಈಕೀದು ಹೌದೋ ಅಲ್ಲೋ?" ಅತ್ತೆ ಕೇಳಿದರು.

"ಗೊತ್ತಿಲ್ಲ" ಎಂದರು ಡಾಕ್ಟರಮ್ಮ. "ಕಣ ಕೂಡಿತೇ ಇಲ್ಲವೇ ಎಂಬುದನ್ನಷ್ಟೇ ಈ ಬಾಟಲಿಗಳು ತೋರಿಸುತ್ತವೆ. ಇವಳದು ಅರೆಬರೆ ಕೂಡಿದ್ದೇಕೆ, ಒಳಗಿರುವುದು ಯಾವ ಬಗೆಯದು, ಅದನ್ನು ಹೇಳುವ ಶಕ್ತಿ ಇವಕ್ಕಿಲ್ಲ. ರಕ್ತ ಕೊಡುವಾಗ ಇವಳನ್ನು ಪಾಸಿಟಿವ್ ಎಂದೂ, ತೆಗೆದುಕೊಳ್ಳುವಾಗ ನೆಗೆಟಿವ್ ಎಂದೂ ಹಿಡಿಯುವುದೇ ಕ್ಷೇಮ."

"ಕೊಡುಮುಂದ ಒಂದು, ತೊಗೊಳ್ಳುಮುಂದ ಒಂದು! ಥೇಟ್ ನಮ್ಮ ಬೀಗರ ಹಂಗ ಬಿಡ್ರಿ!" ಎಂದರು ಅತ್ತೆ.

ಬೀಗರು ಎಂದರೆ ನನ್ನ ತವರಿನವರು. ಅದನ್ನೂ ಇಂಗ್ಲಿಷಿಗೆ ತಂದೆ. ಡಾಕ್ಟರಮ್ಮ ನಕ್ಕರು, ಹಾಸಿಗೆಯಲ್ಲಿದ್ದವಳೂ ನಕ್ಕು ಸುಸ್ತಾದಳು. ಡಾಕ್ಟರಮ್ಮ ಅವಳ ನಾಡಿ ಹಿಡಿದು ನೋಡಿದರು.

"ಇವಳ ರಕ್ತಸಂಬಂಧಿಗಳು ಯಾರಾದರೂ?" ಡಾಕ್ಟರಮ್ಮ ಕೇಳಿದರು.

"ಅಫಜಲಪುರದ ಕಡೆ ಅತನೂರದಾಗ ಅದಾರ್ರಿ" ಎಂದರು ಅತ್ತೆ. "ನಮ್ಮಣ್ಣಗ ಹೇಳಿ ಕಳಸಬೇಕು."

ಇಂಗ್ಲಿಷಿಗೆ ತರಲು ಹೋಗಿ ನಡುವೆ ನಿಂತೆ. ನಮ್ಮಣ್ಣ! ನೆಗೆಣ್ಣಿ ತಮ್ಮ ಅಣ್ಣನ ಮಗಳೆಂದೇ ಅತ್ತೆ ಹಟ ಹಿಡಿದು ಸೊಸೆ ಮಾಡಿಕೊಂಡಿದ್ದರು. ಸೋದರತ್ತೆ ಎದುರಿಗೇ ಕುಳಿತಿರುವಾಗ ನಾವು ಅತನೂರಿಗೆ ಗಾಡಿ ಕಟ್ಟಲು ಹೊರಟಿದ್ದೆವು.

"ಅತ್ತಿ, ನೀವು ಬೆರಳು ಕೊಡ್ರಿ."

"ನಂದ್ಯಾಕಬೇ? ಧಾರಿ ಎರದ ದಿನಾನೇ ನನ್ನ ಕುಲಗೋತ್ರ ಎಲ್ಲಾ ಈ ಮನಿದಾತು. ತವರಮನಿ ರಗತ ಇನ್ನಾ ಎಲ್ಲಿ ಉಳದಿರ್ತದ?"

"ನೋಡೂಣಲ್ರಿ."

ಅತ್ತೆ ಮುಖ ತಿರುಗಿಸಿ, ಕಣ್ಣು ಮುಚ್ಚಿ ಬೆರಳು ಚಾಚಿದರು. ಮೊದಲ ಬಾಟಲಿಗೂ ಕೂಡಲಿಲ್ಲ, ಬಿಸಿನೀರಿನ ಎರಡನೆಯದಕ್ಕೂ ಕೂಡಲಿಲ್ಲ. ಬಾಟಲಿಗಳನ್ನೇ ನಂಬದೆ ಡಾಕ್ಟರಮ್ಮ ಅತ್ತೆ ಸೊಸೆಯರ ರಕ್ತವನ್ನು ಒಂದಕ್ಕೊಂದು ಹೊಂದಿಸಿ ನೋಡಿದರು. ಜಗಳವೇ ಇಲ್ಲ.

ರಕ್ತ ಹನಿಹನಿಯಾಗಿ ಇಳಿಯುವಾಗ ಪಕ್ಕದ ಮಂಚದಿಂದ ಅತ್ತೆಯದು ಒಂದೇ ಸಮನೆ ಮಾತು: "ಅತ್ತಿ ಸೊಸಿ ರಗತ ಹೀರ್ತಾಳಂತ ಊರೆಲ್ಲಾ ಅಂತಿದ್ರು. ಈಗ ಬಂದು ನೋಡ್ರಿ, ಯಾರು ಯಾರ್ದು ಹೀರಾಕತ್ತಾರ!"

"ನಗಸಬ್ಯಾಡ್ರಿ ಅತ್ತಿ, ಸೂಜಿ ಅಲಗತದ" ಎಂದಳು ಅವಳು. ಸಂಜೆಗೆ ದಿಂಬಿಗೆ ಒರಗಿ ಕುಳಿತು, "ರೊಟ್ಟಿ ಅವನ್ರಿ?" ಎಂದು ಕೇಳಿದಳು. ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿದ ರೊಟ್ಟಿಯನ್ನು ಚೂರೂ ಬಿಡದೆ ತಿಂದಳು.

ಮುಂದೆ ಅದೇ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು, ತಾಯಿಯೂ ಗಟ್ಟಿಯಾಗಿದ್ದಳು. ಡಾಕ್ಟರಮ್ಮ ಕೂಸಿನ ರಕ್ತವನ್ನೂ ನೋಡೋಣವೆಂದು ಸೂಜಿ ಹಿಡಿದು ಬಂದರೆ ಅತ್ತೆ ಅಡ್ಡ ನಿಂತರು.

"ಅಳಾಕತ್ತದ, ಹಾಲು ಕುಡ್ಯಾಕತ್ತದ. ಇನ್ನೇನು ನೋಡ್ತೀರಿ? ನಿಮ್ಮ ಬಾಟಲಿ ಶಾಣ್ಯಾತನ ಸಾಕು. ಬರ್ರಿ, ಚಾ ಕುಡೀರಿ."

ನಾನು ಅದರಲ್ಲಿ ಚಹಾದ ಮಾತನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.