ಕೌದಿಯ ನಾಲ್ಕನೆಯ ಮೂಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ತವರಿನವರೂ ಒಪ್ಪುತ್ತಾರೆ, ಗಂಡನ ಮನೆಯವರೂ ಒಪ್ಪುತ್ತಾರೆ. ಎರಡು ಮನೆತನಗಳು ಜಗಳವಿಲ್ಲದೆ ಒಪ್ಪಿದ ಮಾತು ಬಹುಶಃ ಅದೊಂದೇ. ಇಂಥ ನನ್ನ ಪಾಲಿಗೆ, ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಮರೆವಿನ ಕಾಯಿಲೆ ಹತ್ತಿದ ಅತ್ತೆಯನ್ನು ನೋಡಿಕೊಳ್ಳುವ ಕೆಲಸ ಬಂತು.

ನಮ್ಮ ಮನೆ ನವನಗರದಲ್ಲಿ. ನನ್ನ ಕಚೇರಿ ಹುಬ್ಬಳ್ಳಿಯಲ್ಲಿ, ನನ್ನವರದು ಧಾರವಾಡದಲ್ಲಿ. ಬೆಳಿಗ್ಗೆ ಒಂದೇ ಗೇಟಿನಿಂದ ಹೊರಬಿದ್ದು ಒಬ್ಬರು ಆ ಕಡೆಯ ಬಸ್ಸು, ಇನ್ನೊಬ್ಬರು ಈ ಕಡೆಯ ಬಸ್ಸು ಹಿಡಿಯುತ್ತಿದ್ದೆವು. ಹಗಲು ಹೊತ್ತು ಅತ್ತೆಯ ಜೊತೆಗೆ ಉಣಕಲ್ಲಿನಿಂದ ಬರುವ ಕೆಲಸದಾಕೆ ಇರುತ್ತಿದ್ದಳು. ನೆರೆಹೊರೆ ಎಂಬುದು ಹೆಸರಿಗೆ ಮಾತ್ರ. ಒಬ್ಬೊಬ್ಬರು ಒಂದೊಂದು ಊರಿನಿಂದ ಬಂದು ಮನೆ ಕಟ್ಟಿಕೊಂಡು ಗೇಟು ಹಾಕಿಕೊಂಡವರು. ಎದುರು ಮನೆಯವರ ಮುಖಕ್ಕಿಂತ ಅವರ ಸ್ಕೂಟರಿನ ಸದ್ದೇ ನನಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಒಂದು ಕಾಲದಲ್ಲಿ ಕಾಳುಕಡಿ ದಲಾಲರ ದೊಡ್ಡ ಮನೆಯನ್ನು ಸೆರಗಿನ ಗಂಟಿಗೆ ಕೀಲಿಕೈ ಕಟ್ಟಿಕೊಂಡು ನಡೆಸಿದವರು. ಈಗ ಟಿ.ವಿ.ಯಲ್ಲಿ ವಾರ್ತೆ ಓದುವವಳಿಗೆ "ಬರ್ರಿ, ಕೂಡ್ರಿ, ಚಾ ಕುಡದ ಹೋಗ್ರಿ" ಎನ್ನುತ್ತಿದ್ದರು. ನನ್ನನ್ನು ಸಾಲಿಯ ಶಿಕ್ಷಕಿ ಎಂದುಕೊಂಡು "ಅಕ್ಕಾರ" ಎಂದು ಕರೆಯುತ್ತಿದ್ದರು. ಮದುವೆಯಾದಾಗಿನಿಂದ "ಏ ಹುಡುಗಿ" ಎಂದು ಗದರಿಸಿಕೊಂಡ ಕಿವಿಗೆ ಆ ಮರ್ಯಾದೆ ಹಿತವಾಗಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದಾಗ ಅತ್ತೆ ಅದನ್ನು ನೋಡಲು ಅಲ್ಲಿರಲೇ ಇಲ್ಲ.

ಕಷ್ಟ ಅದಲ್ಲ. ಅವರು ಗೇಟು ತೆಗೆದು ಹೊರಟುಬಿಡುತ್ತಿದ್ದರು. ಒಮ್ಮೆ ಪಿ.ಬಿ. ರಸ್ತೆಯ ಅಂಚಿನ ತನಕ ಹೋಗಿ ಲಾರಿಗಳ ಗಾಳಿಗೆ ಸೆರಗು ಹಿಡಿದುಕೊಂಡು ನಿಂತಿದ್ದರಂತೆ. ಯಾರೋ ಪುಣ್ಯಾತ್ಮರು ಕರೆತಂದು ಬಿಟ್ಟರು. ಅಂದಿನಿಂದ ದೇಶಪಾಂಡೆ ನಗರದಲ್ಲಿರುವ ನನ್ನ ನಾದಿನಿ ಪ್ರತಿ ರವಿವಾರ ಬಂದು ಒಂದೇ ಮಾತು ಹೇಳತೊಡಗಿದಳು.

"ವೈನಿ, ನೌಕರಿ ಬಿಡ್ರಿ. ಇಲ್ಲಾ ಹೊರಗಿಂದ ಕೀಲಿ ಹಾಕ್ರಿ. ನಮ್ಮವ್ವ ರಸ್ತೇಕ ಬಿದ್ದ ಮ್ಯಾಲೆ ಅತ್ತರ ಏನ್ ಬಂತು?"

ಅವಳ ಭಯ ಸುಳ್ಳಲ್ಲ. ಆದರೆ ಬದುಕಿರುವ ಮನುಷ್ಯರನ್ನು ಒಳಗಿಟ್ಟು, ಹೊರಗಿನಿಂದ ಬೀಗ ಜಡಿದು ಬಸ್ಸು ಹತ್ತಲು ನನ್ನ ಕೈ ಬರಲಿಲ್ಲ. ನೌಕರಿ ಬಿಡಲೂ ಮನಸ್ಸಾಗಲಿಲ್ಲ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ನನ್ನವರು ತಂಗಿಗೂ ಹೂಂ, ನನಗೂ ಹೂಂ. ಕೊನೆಗೆ ಮೂವರೂ ಕೂತು ಒಂದು ಒಪ್ಪಂದಕ್ಕೆ ಬಂದೆವು: ಇನ್ನೊಮ್ಮೆ ಅತ್ತೆ ಗೇಟು ದಾಟಿದರೆ ಕೀಲಿ. ನಾದಿನಿ ಅಂದೇ ಅಂಗೈಯಷ್ಟು ದೊಡ್ಡ ಹಿತ್ತಾಳೆ ಕೀಲಿಯೊಂದನ್ನು ತಂದು ಫ್ರಿಜ್ಜಿನ ಮೇಲೆ ಇಟ್ಟು ಹೋದಳು. ನೀರು ಕುಡಿಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

"ಅವರ ಕೈಗೆ ಕೆಲಸ ಕೊಡ್ರಿ, ಕೂತಲ್ಲೇ ಕೂಡ್ತಾರ" ಎಂದರು ಡಾಕ್ಟರು. ಶೇಂಗಾ ಸುಲಿಯಲು ಕೊಟ್ಟೆವು. ಸುಲಿದು ಸಿಪ್ಪೆಯನ್ನೇ ಜೋಪಾನವಾಗಿ ಡಬ್ಬಿಗೆ ತುಂಬಿದರು. ಹತ್ತಿ ಕೊಟ್ಟೆವು. ಊರಿನ ಗುಡಿಗಳಿಗೆಲ್ಲ ಹಂಚುವಷ್ಟು ಬತ್ತಿ ಹೊಸೆದು, ಬೇಸರ ಬಂದು, ಎದ್ದು ಗೇಟಿನ ಕಡೆ ನಡೆದರು. ಆಗ ನಾನು ಕಪಾಟು ಖಾಲಿ ಮಾಡಲೆಂದು ಹಳೆಯ ಸೀರೆಗಳ ಗಂಟೊಂದನ್ನು ಪಡಸಾಲೆಯಲ್ಲಿ ಬಿಚ್ಚಿದೆ. ಅತ್ತೆ ಗೇಟಿನಿಂದ ತಿರುಗಿ ಬಂದು, ಗಂಟಿನ ಎದುರು ಕಾಲು ಚಾಚಿ ಕೂತು, ಇಳಕಲ್ಲ ಸೀರೆಯೊಂದನ್ನು ನೆಲಕ್ಕೆ ಹಾಸಿ ಅಂಗೈಯಿಂದ ಸುಕ್ಕು ತೀಡಿದರು.

"ಸೂಜಿ ಕೊಡ್ರಿ ಅಕ್ಕಾರ. ದೊಡ್ಡದು."

ಹೀಗೆ ಕೌದಿ ಶುರುವಾಯಿತು. ನಾನು ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದವಳು, ಅಂಗಡಿಯ ರಗ್ಗು ಹೊದ್ದವಳು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಉದ್ದಕ್ಕೂ ಕೈಹೊಲಿಗೆ ಹಾಕಿದರೆ ಹೊದಿಕೆಯಾಗುತ್ತದೆ ಎಂದಷ್ಟೇ ಗೊತ್ತಿತ್ತು. ಅತ್ತೆಗೆ ನನ್ನ ಹೆಸರು ಮರೆತಿತ್ತು, ಊಟ ಮಾಡಿದ್ದು ಮರೆಯುತ್ತಿತ್ತು. ಆದರೆ ಎಲ್ಲಿ ಹಸಿರು ಖಣದ ಚೂರು, ಅದರ ಪಕ್ಕಕ್ಕೆ ಯಾವ ಕೆಂಪು ಎಂಬುದರಲ್ಲಿ ಒಂದು ದಿನವೂ ತಪ್ಪಲಿಲ್ಲ. ಗೇಟಿನ ನೆನಪೇ ಅವರಿಗೆ ಹೋಯಿತು. ಕೆಲಸದಾಕೆ "ಅವ್ವಾರು ಎದ್ದೇ ಇಲ್ರಿ ಬಾಯಾರ, ನಾನೇ ಎಬ್ಬಿಸಿ ಉಣಿಸಬೇಕಾತು" ಎಂದಾಗ ನನಗೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಹಸಿವಾಯಿತು.

ಸಂಜೆ ನಾನೂ ಪಕ್ಕಕ್ಕೆ ಕೂತು ಸೂಜಿ ಹಿಡಿಯತೊಡಗಿದೆ. ಕಚೇರಿಗೆ ಆಗತಾನೇ ಕಂಪ್ಯೂಟರುಗಳು ಬಂದಿದ್ದವು. ದಿನವಿಡೀ ಹಸಿರು ಅಕ್ಷರ ನೋಡಿ ತಲೆ ಚಿಟ್ಟು ಹಿಡಿಯುತ್ತಿತ್ತು. ಮನೆಗೆ ಬಂದು ಬಟ್ಟೆಯಲ್ಲಿ ಸೂಜಿ ಇಳಿಸಿದರೆ ಮೈಯೊಳಗಿನ ಕಾವು ಇಳಿದಂತಾಗುತ್ತಿತ್ತು. ನನ್ನ ಹೊಲಿಗೆ ಸೊಟ್ಟಗಿದ್ದರೆ ಅತ್ತೆ ಮಾತಿಲ್ಲದೆ ಬಿಚ್ಚಿ ಹಾಕುತ್ತಿದ್ದರು. "ಅಕ್ಕಾರಿಗೆ ಸಾಲಿ ಕೆಲಸ ಬರತೈತಿ, ಇದು ಬರೂದಿಲ್ಲ" ಎಂದು ಕೆಲಸದಾಕೆಗೆ ಪಿಸುಗುಟ್ಟುತ್ತಿದ್ದರು, ನನಗೆ ಕೇಳುವಷ್ಟು ಗಟ್ಟಿಯಾಗಿ.

ದೀಪಾವಳಿ ದಾಟಿ ಚಳಿ ಬೀಳುವ ಹೊತ್ತಿಗೆ ಕೌದಿ ಮುಗಿಯಿತು. ಮೂರು ಮೂಲೆ ಮುಚ್ಚಿತ್ತು. ನಾಲ್ಕನೆಯ ಮೂಲೆ ಮಾತ್ರ ಅಂಗೈ ಅಗಲ ತೆರೆದೇ ಇತ್ತು. ಅತ್ತೆ ಮರೆತಿದ್ದಾರೆಂದು ನಾನೇ ಹೊಲಿದೆ. ಮರುದಿನ ಸಂಜೆ ಬಂದು ನೋಡಿದರೆ ಬಿಚ್ಚಿತ್ತು. ಮತ್ತೆ ಹೊಲಿದೆ, ಮತ್ತೆ ಬಿಚ್ಚಿದರು. ಉಗುರಿನಿಂದ ದಾರ ಎಳೆದು, ಮೂಲೆಯೊಳಗೆ ಎರಡು ಬೆರಳು ಹಾಕಿ ತಡಕಾಡುತ್ತ ಕೂಡುತ್ತಿದ್ದರು. ಕೇಳಿದರೆ ಏನೋ ಹೇಳಲು ಹೊರಟು, ಮಾತು ಸಿಗದೆ, ನನ್ನ ಮೇಲೇ ಸಿಡುಕುತ್ತಿದ್ದರು. ಕಾಯಿಲೆ ಇನ್ನೊಂದು ಮೆಟ್ಟಿಲು ಏರಿತು ಎಂದುಕೊಂಡೆ. ಒಂದು ಸಂಜೆ ಸಿಟ್ಟು ನೆತ್ತಿಗೇರಿ, ಆ ಮೂಲೆಯನ್ನು ಹೊಲಿಗೆ ಮಷೀನಿಗೆ ಕೊಟ್ಟು ಎರಡು ಸಲ ಓಡಿಸಿದೆ. ಈಗ ಬಿಚ್ಚಲಿ ನೋಡೋಣ!

ಮರುದಿನ ಮಧ್ಯಾಹ್ನ ಕಚೇರಿಗೆ ಫೋನು ಬಂತು. ಕೆಲಸದಾಕೆ ಗಿರಣಿಗೆ ಹೋಗಿ ಹಿಟ್ಟು ತರುವಷ್ಟರಲ್ಲಿ ಅತ್ತೆ ಇರಲಿಲ್ಲ. ನನ್ನವರ ಕಚೇರಿಗೂ ಫೋನು ಮಾಡಿ ಬಸ್ಸು ಹಿಡಿದೆ.

ಹುಬ್ಬಳ್ಳಿಯಿಂದ ನವನಗರ ಅಷ್ಟು ದೂರವೆಂದು ನನಗೆ ಅಂದೇ ಗೊತ್ತಾಯಿತು. ಬಸ್ಸು ಉಣಕಲ್ ಕೆರೆಯ ಪಕ್ಕ ಬಂದಾಗ ನೀರಿನ ಕಡೆ ನೋಡಲಾಗದೆ ಮುಂದಿನ ಸೀಟಿನ ಕಂಬಿ ನೋಡುತ್ತ ಕೂತೆ. ನಾನು ಇಳಿಯುವುದಕ್ಕೂ ಧಾರವಾಡದ ಬಸ್ಸಿನಿಂದ ನನ್ನವರು ರಸ್ತೆಯ ಆಚೆ ಇಳಿಯುವುದಕ್ಕೂ ಸರಿಹೋಯಿತು. ನಡುವೆ ಲಾರಿಗಳು ಭರ್ರೆಂದು ಹೋಗುತ್ತಿದ್ದವು. ಅವರು ಕೈಸನ್ನೆ ಮಾಡಿ ರಸ್ತೆಗುಂಟ ಉಣಕಲ್ಲಿನ ಕಡೆ ಓಡಿದರು. ನಾನು ಒಳಗಿನ ಓಣಿಗಳಿಗೆ ನುಗ್ಗಿದೆ.

ಇಷ್ಟು ವರ್ಷ ಇದ್ದರೂ ಹಿಂದಿನ ಓಣಿಗೆ ನಾನು ಕಾಲಿಟ್ಟವಳಲ್ಲ. ಮೊದಲ ಗೇಟು ಬಡಿದೆ. ನೈಟಿಯ ಮೇಲೆ ಟವೆಲು ಹೊದ್ದ ಹೆಂಗಸೊಬ್ಬಳು ಬಂದಳು.

"ಕಾಳ ಕೇಳ್ಕೋತ ಬಂದಿದ್ರಲ್ಲ, ಹಿರ್ಯಾರು, ಅವರೇನ್ರಿ? ನಾ ಒಂದ ಹಿಡಿ ಜ್ವಾಳಾ ಹಾಕಿದೆ. ಮುಂದಿನ ಮನಿಗೆ ಹೋದ್ರು ನೋಡ್ರಿ."

ಮುಂದಿನ ಮನೆಯಲ್ಲಿ ಗೋಧಿ ಹಾಕಿದ್ದರು. ಅದರಾಚೆ ತೊಗರಿ. ಅಲ್ಲಿಂದ ಮುಂದಕ್ಕೆ ಅಕ್ಕಿ. ಕಾಳಿನ ಜಾಡು ಹಿಡಿದು ಗೇಟಿನಿಂದ ಗೇಟಿಗೆ ಓಡಿದೆ. ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅತ್ತೆ ಬಸಿಯಲ್ಲಿ ಚಹಾ ಸುರುವಿಕೊಂಡು ಊದಿ ಕುಡಿಯುತ್ತಿದ್ದರು. ಮಡಿಲಲ್ಲಿ ಕಾಳು ಕಟ್ಟಿದ ಸೆರಗಿನ ಗಂಟಿತ್ತು. ಹೋದ ಜೀವ ಬಂದಂತಾಯಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

"ಯಾಕ ಅಳ್ತೀರಿ ಅಕ್ಕಾರ? ಚಾ ಕುಡೀರಿ" ಎಂದರು ಅತ್ತೆ.

ಆ ಮನೆಯ ಯಜಮಾನತಿ ಗದಗ ಕಡೆಯ ಹಿರಿಯ ಹೆಂಗಸು. ನನಗೂ ಚಹಾ ತಂದು ಕೊಟ್ಟು ಹೇಳಿದರು: "ಕೌದಿ ಹಸದೈತಿ, ಒಂದ ಹಿಡಿ ಕಾಳ ನೀಡವಾ ಅಂದ್ರು. ನಿಮ್ಮ ಮನ್ಯಾಗ ಇಲ್ಲೇನ್ರಿ ಅಂದ್ರ, ಒಂದ ಮನೀದು ನಡ್ಯೂದಿಲ್ಲ, ಐದು ಮನೀದು ಆಗಬೇಕು ಅಂದ್ರು. ನಮ್ಮ ಕಡೀಗೂ ಐತ್ರಿ ಈ ಪದ್ಧತಿ. ಕಡೀ ಮೂಲಿ ಮುಚ್ಚೂ ಮುಂದ ಅದರ ಹೊಟ್ಟಿಗೆ ನಾಕ ಕಾಳ ಹಾಕಬೇಕು. ಹಸದ ಕೌದಿ ಹೊಚಗೊಂಡವರಿಗೆ ನಿದ್ದಿ ಹತ್ತೂದಿಲ್ಲ ಅಂತಾರ. ನಿಮಗ ಗೊತ್ತಿರಲಿಲ್ಲೇನು?"

ಗೊತ್ತಿರಲಿಲ್ಲ. ಹಸಿದವರ ಬಾಯಿಗೆ ಮಷೀನಿನಿಂದ ಎರಡು ಸಾಲು ಹೊಲಿಗೆ ಹಾಕಿ ಕಚೇರಿಗೆ ಹೋದವಳು ನಾನು. ಚಹಾ ಕುಡಿಯುತ್ತ ನನಗೆ ಅಳುವಿನ ನಡುವೆಯೇ ನಗು ಬಂತು.

ಸಂಜೆಗೆ ನಾದಿನಿ ಬಂದಳು. ಅವ್ವನ ಕೈಕಾಲು ಮುಟ್ಟಿ ನೋಡಿ, ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನನ್ನ ಕಡೆ ತಿರುಗಿದಳು.

"ದಲಾಲರ ಮನೀ ಹೆಣ್ಣಮಗಳು ಓಣ್ಯಾಗ ಕಾಳ ಬೇಡಿದ್ಲು ಅಂದ್ರ ಮಂದಿ ಏನ್ ಅನಬೇಕು? ಮಾತ ಆಗಿತ್ತಲ್ಲ ವೈನಿ, ಗೇಟ ದಾಟಿದ್ರ ಕೀಲಿ ಅಂತ."

ಮಾತು ಆಗಿದ್ದು ಖರೆ. ನನ್ನವರು ಫ್ರಿಜ್ಜಿನ ಮೇಲಿನ ಕೀಲಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ರಸ್ತೆಯ ಲಾರಿಗಳ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು. ಅಷ್ಟರಲ್ಲಿ ಗೇಟು ಸದ್ದಾಯಿತು. ಜೋಳ ಕೊಟ್ಟವಳು, ಗೋಧಿಯವರು, ಗದಗ ಕಡೆಯ ಹಿರಿಯರು, ಎಲ್ಲ ಕೂಡಿ ಬಂದಿದ್ದರು. ಕೌದಿ ನೋಡಬೇಕಂತೆ. ಹಾಸಿ ತೋರಿಸಿದೆವು. ಹಿರಿಯರು ಅದರ ಮೇಲೆ ಕೈಯಾಡಿಸಿ, ನನ್ನವರ ಕೈಯಲ್ಲಿದ್ದ ಕೀಲಿ ನೋಡಿ, ವಿಷಯ ತಿಳಿದುಕೊಂಡು ಹೇಳಿದರು:

"ಅದನ್ನ ಒಳಗ ಇಡೋ ತಮ್ಮಾ. ಇಷ್ಟ ದಿನ ಇವ್ರು ಯಾರ ಮನಿಯವರಂತ ನಮಗ ಗೊತ್ತಿರಲಿಲ್ಲ. ಈಗ ಗೊತ್ತಾತು. ಓಣಿ ಕಡೀಗೆ ನನ್ನ ಮನಿ, ನನ್ನ ದಾಟಿ ಹೆಂಗ ಹೋಗ್ತಾರ? ಮಧ್ಯಾಹ್ನ ನಮಗೂ ಮಾಡಾಕ ಏನ್ ಕೆಲಸೈತಿ, ಟಿ.ವಿ. ನೋಡ್ತೀವಿ. ಅದರ ಬದಲಿ ಇಲ್ಲೇ ಬಂದು ಕೂಡ್ತೀವಿ. ನನಗೂ ಒಂದ ಕೌದಿ ಬೇಕಾಗೇತಿ."

ನಾದಿನಿ ಅವರನ್ನೂ ಅವ್ವನನ್ನೂ ನೋಡಿ, ಅಣ್ಣನ ಕೈಯಿಂದ ಕೀಲಿ ತೆಗೆದುಕೊಂಡು ತಿರುಗಿ ಫ್ರಿಜ್ಜಿನ ಮೇಲಿಟ್ಟಳು. ಆ ಕೀಲಿಯನ್ನು ಆಮೇಲೆ ಮಾಳಿಗೆಯ ನೀರಿನ ಟಾಕಿಯ ಮುಚ್ಚಳಕ್ಕೆ ಹಾಕಿದೆವು. ವಾರಕ್ಕೊಮ್ಮೆ ನೀರು ಬರುವ ಊರಲ್ಲಿ ಕೀಲಿ ಇರಬೇಕಾದ ಜಾಗ ಅದೇ.

ರವಿವಾರ ಬಿಸಿಲಿಗೆ ಪಡಸಾಲೆಯಲ್ಲಿ ಕೂತು ನಾನು ಬ್ಲೇಡಿನಿಂದ ಮಷೀನಿನ ಹೊಲಿಗೆ ಬಿಚ್ಚಿದೆ. ಸಿಟ್ಟಿನಲ್ಲಿ ಹಾಕಿದ್ದನ್ನು ಬಿಚ್ಚಲು ಅರ್ಧ ದಿನ ಹಿಡಿಯಿತು. ಅತ್ತೆ ಸೆರಗಿನ ಗಂಟು ಬಿಚ್ಚಿ, ಜೋಳ, ಗೋಧಿ, ತೊಗರಿ, ಅಕ್ಕಿ, ಹಿರಿಯರ ಮನೆಯ ಕಡಲೆ, ಎಲ್ಲದರಿಂದ ನಾಲ್ಕು ನಾಲ್ಕು ಕಾಳು ಆರಿಸಿ ಮೂಲೆಯೊಳಗೆ ಇಳಿಬಿಟ್ಟರು. ಮಗುವಿಗೆ ಉಣಿಸಿದ ಮೇಲೆ ಬಾಯಿ ಒರೆಸುವಂತೆ ಅಂಚನ್ನು ಒರೆಸಿದರು. ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ನೆಮ್ಮದಿಯಿತ್ತು.

"ಯಾರಿಗ್ರಿ ಈ ಕೌದಿ?" ಎಂದು ಸುಮ್ಮನೆ ಕೇಳಿದೆ.

"ನಮ್ಮ ಸೊಸಿಗ್ರಿ. ಆಕಿಗೆ ಥಂಡಿ ತಡ್ಯೂದಿಲ್ಲ. ಮುಂಜಾನೆ ಲಗೂ ಎದ್ದು ನೌಕರಿಗೆ ಹೋಗ್ತಾಳ, ಪಾಪ."

ನಾನು ಅಲ್ಲಿಗೇ ಬಿಡಲಿಲ್ಲ. "ಹೆಂಗದಾಳ್ರಿ ನಿಮ್ಮ ಸೊಸಿ?"

ಅತ್ತೆ ಗೇಟಿನ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ಬಾಯಿ ಭಾಳ ಜೋರ ಐತ್ರಿ ಆಕೀದು. ಆದ್ರ ಅಕ್ಕಾರ, ಎಲ್ಲಾರೂ ಹೇಳಿದ್ರೂ ಆಕಿ ನನಗ ಕೀಲಿ ಹಾಕಲಿಲ್ರಿ."

ನಾನು ಬಾಯಿ ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ಕೊಟ್ಟೆ.