ಬಯಕೆಯ ಬೀಡಿ

ಬೀಡಿಯೋ ಸಿಗರೇಟೋ ಎಂದು ಈಗ ಆಣೆ ಮಾಡಿ ಹೇಳಲಾರೆ, ಹೊಗೆಯಂತೂ ಇತ್ತು. ತಿ. ನರಸೀಪುರದ ನಿಲ್ದಾಣದಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ತುಂಬು ಗರ್ಭಿಣಿ, ಸೇದುತ್ತಿದ್ದ ಗಂಡನತ್ತ ಕೈ ಚಾಚಿದಳು.

"ನಂಗೂ ಒಂದು ದಮ್ಮು ಕೊಡಿ. ಬಯಕೆ ಆಯ್ತಾ ಅದೆ."

ಅವನು ಬೆಚ್ಚಿಬಿದ್ದ. "ತಲೆ ಕೆಟ್ಟದಾ? ಮಗಿಗೆ ಕೆಟ್ಟದ್ದು ಕಣಮ್ಮಿ!"

"ನೀವು ಬುಡೋ ಹೊಗೆ ಮಗೀನ ಕೇಳ್ಕಂಡು ಒಳಿಕ್ಕೆ ಹೋದದಾ?"

ಅವಳ ಆಚೆ ಬದಿಗೆ ಕೂತಿದ್ದ ಗಂಡನ ತಾಯಿ ಎಲೆಅಡಿಕೆ ಜಗಿಯುತ್ತಲೇ ತೀರ್ಪು ಕೊಟ್ಟರು: "ಬಸುರಿ ಬಯಕೆಗೆ ಇಲ್ಲ ಅನ್ಬಾರ್ದು ಕಣ್ಲಾ. ಕೊಟ್ಬುಡು, ಇಲ್ಲ ಬಿಸಾಕು."

ಅವನು ಬಿಸಾಕಿ, ಬೆಂಕಿಪೊಟ್ಟಣವನ್ನೂ ತಾಯಿಯ ಕೈಗಿಟ್ಟ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದ್ದು ನಗುವನ್ನೋ, ನಿಜವಾದ ಆಸೆಯನ್ನೋ? ಹೆರಿಗೆಯವರೆಗೆ ಅವನು ತಡೆದುಕೊಂಡನೋ? ಎರಡೂ ನನಗೆ ಗೊತ್ತಿಲ್ಲ.