ಬೀಡಿ ಕಟ್ಟುವವರ ಹೆಸರು ಬರೆದ ಅಕ್ಕುತಾಯಿಯವರು

ನಿಪ್ಪಾಣಿ ಸೀಮೆಯಲ್ಲಿ ಬೀಡಿ ಕಾರ್ಮಿಕರ ಕಲ್ಯಾಣವೆಂದರೆ ಮೊದಲು ನೆನಪಾಗುವ ಹೆಸರು ಶ್ರೀಮತಿ ಅಕ್ಕುತಾಯಿಯವರದು. ೧೯೭೯ರಲ್ಲಿ ಕಲ್ಯಾಣ ಕಚೇರಿಗೆ ಗುಮಾಸ್ತೆಯಾಗಿ ಸೇರಿ, ಈ ವರ್ಷ, ೧೯೯೮ರಲ್ಲಿ, ನಿವೃತ್ತರಾಗುವವರೆಗೂ ಅವರು ಮೇಲಿನವರಿಗೆ ತಲೆಬಾಗಿದ್ದು ಕಡಿಮೆ.

ಬೀಡಿಯ ಮೇಲಿನ ಸುಂಕದಿಂದಲೇ ಅದನ್ನು ಕಟ್ಟುವವರಿಗೆ ಚಿಕಿತ್ಸೆ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯಬೇಕೆಂಬುದು ಕಾನೂನು. ಅವನ್ನು ಪಡೆಯಲು ಮಾತ್ರ ಮಾಲೀಕರು ಸಹಿ ಮಾಡಿದ ಗುರುತಿನ ಚೀಟಿ ಬೇಕು. ೧೯೮೭ರಲ್ಲಿ ಬಾಳಾಸಾಬರೆಂಬ ಮಾಲೀಕರು, ಸಣ್ಣ ಕಾರ್ಖಾನೆಗಳಿಗಿದ್ದ ಸುಂಕದ ವಿನಾಯಿತಿಗಾಗಿ ತಮ್ಮ ಕಾರ್ಖಾನೆಯನ್ನು ಕಾಗದದ ಮೇಲೆ ನಾಲ್ಕು ಹೆಸರಿನ ನಾಲ್ಕು ತುಂಡು ಮಾಡಿ, ಪ್ರತಿಯೊಂದರಲ್ಲೂ ಕೆಲವೇ ಕೆಲಸಗಾರರನ್ನು ತೋರಿಸಿದರು. ಹತ್ತಿರದ ಅಕ್ಕೋಳ ಹಳ್ಳಿಯ ಇನ್ನೂರು ಹೆಂಗಸರು ಮನೆಯಲ್ಲಿ ಎಂದಿನಂತೆ ಬೀಡಿ ಕಟ್ಟುತ್ತಿದ್ದರೂ ಯಾವ ಪಟ್ಟಿಯಲ್ಲೂ ಉಳಿಯಲಿಲ್ಲ. ಅವರಲ್ಲೊಬ್ಬಳಾದ, ರಕ್ತ ಕೆಮ್ಮುತ್ತಿದ್ದ ಮಲಕವ್ವನಿಗೆ ಚೀಟಿಯಿಲ್ಲವೆಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ.

ಅಕ್ಕುತಾಯಿಯವರು ಬಾಳಾಸಾಬರ ಮನೆಗೇ ಹೋದರು. ಸಾಹುಕಾರರು ಚಹಾ ಕೊಟ್ಟು ಕೂರಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು:

"ಎಲ್ಲಾ ಒಂದ ಹೆಸರಿನ್ಯಾಗ ತೋರಿಸಿದ್ರ ನನ್ನ ಬೀಡಿ ತುಟ್ಟಿ ಆಗತೈತ್ರಿ ಬಾಯಾರ. ಸುಂಕ ಕಟ್ಟದವರು ಸೋವಿ ಮಾರ್ತಾರ. ನಾ ಮುಚ್ಚಿದ್ರ ಇವರಿಗೆ ಕೆಲಸ ಯಾರ ಕೊಡ್ತಾರ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅಕ್ಕುತಾಯಿಯವರನ್ನು ಕಾಡಿತು. ಆದರೂ ಎದ್ದು ನಿಂತು ಹೇಳಿದರು:

"ಸುಂಕ ಭಾರ ಆಗಿದ್ರ ಸರಕಾರಕ್ಕ ಅರ್ಜಿ ಬರೀರಿ ಸಾಹುಕಾರ್ರ, ನಾನೂ ಸಹಿ ಹಾಕ್ತೀನಿ. ಅದರ ಸಲುವಾಗಿ ದುಡಿಯೋ ಹೆಣ್ಮಕ್ಕಳನ್ನ ಇಲ್ಲ ಅನಬ್ಯಾಡ್ರಿ."

ಮುಂದೆ ಎಂಟು ವಾರ, ರಜೆ ಹಾಕಿ, ಎಲೆ ತಂಬಾಕು ಹಂಚುವ ಕಟ್ಟೆಯ ಬಳಿ ನಿಂತು, ಪಡೆದವರ ಹೆಸರುಗಳನ್ನೆಲ್ಲ ಬರೆದುಕೊಂಡರು. ಬಾಳಾಸಾಬರ ಪರವಾಗಿ ಹಂಚುತ್ತಿದ್ದ ದಶರಥ ಮೊದಲು ಹಿಂಜರಿದ. ಆದರೆ ಅವನ ತಾಯಿಯೂ ಆ ಸಾಲಿನಲ್ಲಿದ್ದಳು. ಕೊನೆಗೆ ಸಾಕ್ಷಿಯ ಸಹಿ ಹಾಕಿದ. ಪಟ್ಟಿಯನ್ನು ಹರಿದುಹಾಕಲು ಮೇಲಧಿಕಾರಿ ಹೇಳಿದಾಗ ಅಕ್ಕುತಾಯಿಯವರು ದನಿ ಏರಿಸಲಿಲ್ಲವಂತೆ.

"ನನ್ನನ್ನ ಎಲ್ಲಿ ಬೇಕಾದ್ರೂ ಒಗೀರಿ. ಇದನ್ನ ಹರಿಯೂದು ನನ್ನಿಂದ ಆಗೂದಿಲ್ರಿ."

ಅಕ್ಕುತಾಯಿಯವರೇ ಪಟ್ಟಿಯನ್ನು ಮೇಲಿನ ಕಚೇರಿಗೆ ಕಳಿಸಿದರು, ಅದಕ್ಕಾಗಿ ಅಥಣಿಗೆ ವರ್ಗವಾದರು. ತನಿಖೆ ಮೂರು ವರ್ಷ ನಡೆದು, ನಾಲ್ಕೂ ಹೆಸರು ಒಂದೇ ಕಾರ್ಖಾನೆಯವೆಂದು ತೀರ್ಮಾನವಾಗಿ, ಅಕ್ಕೋಳಕ್ಕೆ ಚೀಟಿಗಳು ಬಂದವು. ಕಾರ್ಖಾನೆ ಮುಚ್ಚಲಿಲ್ಲ. ಬಾಳಾಸಾಬರು ಸುಂಕ ಇಳಿಸಲು ಅರ್ಜಿ ಬರೆದಾಗ ಅಕ್ಕುತಾಯಿಯವರು ಮಾತಿನಂತೆ ಅದಕ್ಕೂ ಸಹಿ ಹಾಕಿದರು. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಮಲಕವ್ವ ಚೀಟಿ ಬರುವ ಹಿಂದಿನ ಶ್ರಾವಣದಲ್ಲೇ ತೀರಿಕೊಂಡಿದ್ದಳು. ತಮ್ಮ ಕೈಗೆ ಬಂದಿದ್ದ ಅವಳ ಚೀಟಿಯನ್ನು ಕಚೇರಿಗೆ ಮರಳಿಸಬೇಕೆಂಬ ಆದೇಶವನ್ನು ಅಕ್ಕುತಾಯಿಯವರು ಪಾಲಿಸಲಿಲ್ಲ. ಅಥಣಿಯಿಂದ ಬಸ್ಸು ಹಿಡಿದು ಬಂದು, ಅದನ್ನು ಅವಳ ಮಗಳು ತಾರವ್ವನ ಕೈಗಿಟ್ಟು, ಅವ್ವ ದುಡಿದದ್ದಕ್ಕೆ ಇದು ಸಾಕ್ಷಿ, ಯಾರು ಕೇಳಿದರೂ ಕೊಡಬೇಡ ಎಂದರು.

ನಿವೃತ್ತಿಯ ಮರುದಿನವೇ ರಾಯಬಾಗದ ಹೆಂಗಸರು ಅರ್ಜಿ ಹಿಡಿದು ಅವರ ಮನೆಗೆ ಬಂದಿದ್ದರು. ಅಕ್ಕುತಾಯಿಯವರು ನೂರು ವರ್ಷ ಗಟ್ಟಿಯಾಗಿ ಬಾಳಲಿ, ಮೇಲಿನ ಕಚೇರಿಗಳ ನೆಮ್ಮದಿಯನ್ನು ಹೀಗೆಯೇ ಕೆಡಿಸುತ್ತಿರಲಿ.